ಬಾಯಿಗೆ ಬಿಟ್ಟ ಹಾಲು

ಸೈನ್ಯದ ಆಸ್ಪತ್ರೆಯಲ್ಲಿ ನನಗೊಂದು ಸುಖವಿತ್ತು. ಅಲ್ಲಿ ರೋಗಿಯ ಜೊತೆ ತಾಯಿ ಬರುತ್ತಿರಲಿಲ್ಲ.

ಹೀಗೆ ಹೇಳಿದರೆ ಕಲ್ಲೆದೆಯವನ ಮಾತಿನಂತೆ ಕೇಳಿಸುತ್ತದೆಂದು ಗೊತ್ತು. ಆದರೆ ಸಾವು ಬದುಕಿನ ನಡುವೆ ಇರುವವರನ್ನು ನೋಡಿಕೊಳ್ಳುವುದೇ ಕಸುಬಾದ ಯಾವ ವೈದ್ಯನನ್ನಾದರೂ ಕೇಳಿ ನೋಡಿ, ಮುಖ ಆಚೆ ತಿರುಗಿಸಿಕೊಂಡಾದರೂ ಹೌದೆನ್ನುತ್ತಾನೆ. ಉತ್ತರದ ಗಡಿಯ ಆ ಆಸ್ಪತ್ರೆಗೆ ಜವಾನರು ಸ್ಟ್ರೆಚರಿನ ಮೇಲೆ ಒಬ್ಬೊಬ್ಬರೇ ಬರುತ್ತಿದ್ದರು. ಒಬ್ಬನಿಗೆ ಹೊಟ್ಟೆಯಲ್ಲಿ ಗುಂಡು, ಒಬ್ಬನಿಗೆ ಹಿಮದಲ್ಲಿ ಕಪ್ಪಾದ ಕಾಲು, ಇನ್ನೊಬ್ಬನಿಗೆ ಎತ್ತರದ ತೆಳು ಗಾಳಿಗೆ ನೀರು ತುಂಬಿದ ಶ್ವಾಸಕೋಶ. ಯಾರನ್ನು ಮೊದಲು ನೋಡಬೇಕು, ಯಾರನ್ನು ಬಿಟ್ಟುಬಿಡಬೇಕು ಎಂಬುದನ್ನು ನಾನು ನಿಂತ ನಿಲುವಿನಲ್ಲೇ ತೀರ್ಮಾನಿಸುತ್ತಿದ್ದೆ. ಪಕ್ಕದಲ್ಲಿದ್ದ ಸಹಾಯಕ 'ಜೀ ಸಾಬ್' ಎನ್ನುತ್ತಿದ್ದ, ಕೆಲಸ ನಡೆಯುತ್ತಿತ್ತು. ಸತ್ತವನ ಮನೆಗೆ ತಂತಿ ಹೋಗುತ್ತಿತ್ತು. ಅದನ್ನು ಬರೆಯುವುದು ನನ್ನ ಕೆಲಸವಲ್ಲ. ಆ ಮನೆಯಲ್ಲಿ ಆಮೇಲೆ ಏನಾಯಿತು ಎಂಬುದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಸೈನ್ಯ ಬಿಟ್ಟು ಚಾಮರಾಜನಗರಕ್ಕೆ ಬಂದೆ. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ಕೆಲಸ. ವಾರಕ್ಕೊಂದು ದಿನ ಅವರದೇ ಗುಂಡ್ಲುಪೇಟೆಯ ಚಿಕಿತ್ಸಾಲಯದಲ್ಲಿ ಕೂರಬೇಕು. ಜನ ನನ್ನನ್ನು 'ಮಿಲ್ಟ್ರಿ ಡಾಕ್ಟ್ರು' ಎಂದರು. ಅದು ಹೊಗಳಿಕೆ ಎಂದು ನಾನು ಮೊದಮೊದಲು ಎದೆಯುಬ್ಬಿಸಿಕೊಂಡಿದ್ದೆ. ರೋಗಿಗಳ ಮನೆಯವರು ವಾರ್ಡಿಗೆ ಬಂದಾಗ ನಾನು ಗದರುವ ರೀತಿಗೆ ಕೊಟ್ಟ ಹೆಸರು ಅದು ಎಂದು ನರ್ಸಮ್ಮ ಒಂದು ದಿನ ನಗುತ್ತಾ ತಿಳಿಸಿದರು.

ಗದರದೆ ಏನು ಮಾಡಲಿ? ಒಬ್ಬ ರೋಗಿ ಬಂದರೆ ಹಿಂದೆ ಅರ್ಧ ಊರೇ ಬರುತ್ತಿತ್ತು. ಫ್ಲಾಸ್ಕು, ಚಾಪೆ, ರಾಗಿಮುದ್ದೆಯ ಪಾತ್ರೆ, ಹುರುಳಿಕಾಳಿನ ಸಾರು. ನಾನು ಹೇಳಿದ ಪ್ರತಿ ಮಾತಿನ ಮೇಲೂ ಹೊರಗೆ ಹೊಂಗೆಮರದ ಕೆಳಗೆ ಪಂಚಾಯ್ತಿ. ಒಬ್ಬ ಒಪ್ಪಿದರೆ ಇನ್ನೊಬ್ಬ 'ತಡೀಲಾ, ಮಾವನ್ನ ಒಂದ್ ಮಾತು ಕೇಳನ' ಎನ್ನುತ್ತಿದ್ದ. ಮಾವ ಬರುವ ಹೊತ್ತಿಗೆ ರೋಗಿ ಹೋಗಿಬಿಟ್ಟಿರುತ್ತಿದ್ದ. ಹೀಗೆ ಆದದ್ದುಂಟು, ಒಂದು ಸಲವಲ್ಲ.

ಆ ಹೆಣ್ಣುಮಗಳು ಬಂದದ್ದು ಒಂದು ಬೆಳಿಗ್ಗೆ, ಚಂದಕವಾಡಿ ಕಡೆಯ ಹಳ್ಳಿಯೊಂದರಿಂದ, ಹಿಪ್ಪುನೇರಳೆ ಸೊಪ್ಪು ಸಾಗಿಸುವ ಟೆಂಪೊದಲ್ಲಿ. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಜೊತೆಗೆ ಗಂಡ, ಗಂಡನ ಚಿಕ್ಕಪ್ಪ, ಮತ್ತೆ ಎಂದಿನಂತೆ ಒಂದಷ್ಟು ಜನ. ರೇಷ್ಮೆ ಹುಳು ಕೊನೆಯ ಸಲ ಪೊರೆ ಬಿಟ್ಟು, ಅಂದರೆ ಕೊನೆಯ ಜ್ವರದಿಂದ ಎದ್ದು, ಹಗಲೂ ರಾತ್ರಿ ಮೇಯುವ ಕಾಲ. ಸೊಪ್ಪು ಹಾಕುವುದಕ್ಕೆ ಅನುಕೂಲವೆಂದು ಗಂಡ ಹೆಂಡತಿ ಹುಳುಮನೆಯ ನೆಲದ ಮೇಲೇ ಚಾಪೆ ಹಾಸಿ ಮಲಗಿದ್ದರಂತೆ. ಎದ್ದಾಗ ಅವಳಿಗೆ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಎತ್ತಲಾಗಲಿಲ್ಲ. ನೀರು ಕೊಟ್ಟರೆ ಮೂಗಿನಿಂದ ಬಂತು. ಹುಳು ಸಾಕುವ ತಟ್ಟೆಗಳ ಸಂದಿಯಲ್ಲಿ ಕಟ್ಟುಹಾವು ಕಂಡಿತಂತೆ. ಅದು ಕಚ್ಚಿದರೆ ನೋವಾಗುವುದಿಲ್ಲ, ಊದಿಕೊಳ್ಳುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗುವುದಿಲ್ಲ. ವಿಷ ಮೈಯ ಸ್ನಾಯುಗಳನ್ನು ಒಂದೊಂದಾಗಿ ಕಟ್ಟಿಹಾಕುತ್ತಾ ಬಂದು ಕೊನೆಗೆ ಉಸಿರಿನ ಸ್ನಾಯುವನ್ನು ಹಿಡಿಯುತ್ತದೆ.

ಅವಳನ್ನು ಮೇಜಿನ ಮೇಲೆ ಮಲಗಿಸುವ ಹೊತ್ತಿಗೆ ಉಸಿರು ನಿಲ್ಲುವುದರಲ್ಲಿತ್ತು. ಗಂಟಲಿನೊಳಗೆ ಕೊಳವೆ ಇಳಿಸಿದೆ. ಅದರ ಬಾಯಿಗೆ ಕೈಯಲ್ಲಿ ಒತ್ತುವ ಗಾಳಿಚೀಲ ಸಿಕ್ಕಿಸಿ ಒತ್ತತೊಡಗಿದೆ. ವಿಷಕ್ಕೆ ಕೊಡುವ ಔಷಧವನ್ನೂ ಕೊಟ್ಟದ್ದಾಯಿತು. ಆದರೆ ಕಟ್ಟುಹಾವು ಕಟ್ಟಿದ ಗಂಟನ್ನು ಆ ಔಷಧ ಬೇಗ ಬಿಚ್ಚುವುದಿಲ್ಲ. ಕೆಲವು ದಿನ ಬೇಕು, ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅಲ್ಲಿಯ ತನಕ ಯಾರಾದರೂ ಅವಳ ಉಸಿರು ಆಡಿಸುತ್ತಿರಬೇಕು. ನಮ್ಮಲ್ಲಿದ್ದ ಒಂದೇ ಒಂದು ಉಸಿರಾಟದ ಯಂತ್ರ ರಿಪೇರಿಗೆ ಹೋಗಿತ್ತು. ಮೈಸೂರಿಗೆ ಫೋನ್ ಮಾಡಿದರೆ ಎಲ್ಲೂ ಯಂತ್ರ ಖಾಲಿ ಇರಲಿಲ್ಲ.

ಆಗ ನನ್ನೊಳಗಿನ ಸೈನಿಕ ಎದ್ದು ಕೂತ. ಹೊಂಗೆಮರದ ಕೆಳಗಿನ ಪಂಚಾಯ್ತಿಯನ್ನೆಲ್ಲ ಒಳಗೆ ಕರೆದು ಸಾಲಾಗಿ ನಿಲ್ಲಿಸಿದೆ.

"ಇವಳು ಸಾಯುವುದಿಲ್ಲ," ಎಂದೆ. "ಕೇಳಿಸಿತಾ? ವಿಷ ಇಳಿಯುವ ತನಕ ಇವಳ ಉಸಿರು ನಿಮ್ಮ ಕೈಯಲ್ಲಿದೆ. ಇದು ಸೆಂಟ್ರಿ ಡ್ಯೂಟಿ. ಒಬ್ಬನ ಕೈ ಸೋತರೆ ಇನ್ನೊಬ್ಬ. ಚೀಲ ಮಾತ್ರ ನಿಲ್ಲಬಾರದು."

ಚಿಕ್ಕಪ್ಪ ಮೊದಲು ಮುಂದೆ ಬಂದ. ಬಿರುಸಾಗಿ ನಾಲ್ಕು ಸಲ ಒತ್ತಿದ.

"ಅದೇನು ಸೈಕಲ್ ಪಂಪಾ? ನೀನು ಉಸಿರಾಡುವ ಹಾಗೆ ಒತ್ತು," ಎಂದೆ. ಅವನು ತನ್ನ ಉಸಿರನ್ನೇ ಗಮನಿಸುತ್ತಾ, ಎದೆ ಏರಿದಾಗ ಒತ್ತಿ, ಇಳಿದಾಗ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಪಳಗಿಬಿಟ್ಟ. ಎಲ್ಲರೂ ಕಲಿತರು. ಗಂಡನಂತೂ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ನಾನು ಗದರಿದ ಆ ಜನರೇ ನನ್ನ ಪ್ಲಟೂನ್ ಆದದ್ದು ನೋಡಿ ನನಗೆ ಒಳಗೊಳಗೇ ಹೆಮ್ಮೆ.

ಇನ್ನೂ ಎರಡು ಮಾತು ಹೇಳಿದ್ದೆ. ಒಂದು, ಬಾಯಿಗೆ ಏನನ್ನೂ ಕೊಡಬಾರದು, ಒಂದು ತೊಟ್ಟು ನೀರನ್ನೂ. ಗಂಟಲು ಸತ್ತಿದೆ. ಕೊಳವೆಯ ಸುತ್ತ ಒಂದು ಸಣ್ಣ ಗಾಳಿಯ ಉಂಗುರವಿದೆ, ಅದೂ ಹಳೆಯದು, ಸೋರುತ್ತದೆ. ಬಾಯಿಗೆ ಬಿದ್ದದ್ದು ಪಕ್ಕದಿಂದ ಜಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡನೆಯದು, ಅವಳ ಎದುರು ಸಾವಿನ ಮಾತು ಆಡಬಾರದು.

"ಮೈ ಮಾತ್ರ ಅಲ್ಲಾಡುವುದಿಲ್ಲ. ಅವಳಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ಗೊತ್ತಾಗುತ್ತದೆ," ಎಂದೆ.

ಎಲ್ಲರೂ ತಲೆಯಾಡಿಸಿದರು. ನಂಬಲಿಲ್ಲ ಎಂಬುದು ಮುಖದಲ್ಲೇ ಇತ್ತು. ರೆಪ್ಪೆ ಎತ್ತದ, ಚಿವುಟಿದರೂ ಮಿಸುಕದ ಹೆಂಗಸಿಗೆ ಎಚ್ಚರವಿದೆ ಎಂದು ಯಾರು ನಂಬುತ್ತಾರೆ? ಗಂಡನಿಗೆ ಅವಳ ಕಿವಿಯ ಹತ್ತಿರ ಮಾತಾಡಲು ಹೇಳಿ, ನಾಡಿಯ ಮೇಲೆ ಅವನ ಬೆರಳನ್ನೇ ಇಡಿಸಿದೆ. ಅವನು "ಉಳ ಅಣ್ಣಾಗ್ತಾ ಅವೆ ಕಣಮ್ಮಿ, ಗೂಡು ಕಟ್ಟಕ್ಕೆ ಬಂದವೆ, ನೀನ್ ಎದ್ದೇಳು" ಎಂದ. ನಾಡಿ ಓಡತೊಡಗಿತು. ಅವನು ನಂಬಿದ. ಉಳಿದವರು ಅವನನ್ನು ಕನಿಕರದಿಂದ ನೋಡಿದರು.

ಮರುದಿನ ಬೆಳಿಗ್ಗೆ ಅವಳ ತಾಯಿ ತೆರಕಣಾಂಬಿಯಿಂದ ಬಸ್ಸಿನಲ್ಲಿ ಬಂದಳು. ಬಾಗಿಲವರೆಗೆ ಬಂದವಳು ಒಳಗೆ ಕಾಲಿಡದೆ ನಿಂತಳು. ಗಂಡ ಚೀಲ ಒತ್ತುತ್ತಲೇ ಒಮ್ಮೆ ತಿರುಗಿ ನೋಡಿ, "ಈಗ ಬಂದ್ಯಾ" ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡ. ವಿಷಯವೇನೆಂದು ಚಿಕ್ಕಪ್ಪನಿಂದ ತಿಳಿಯಿತು. ಮಗಳು ತಾಯಿಯ ಮಾತು ಮೀರಿ ಇವನನ್ನು ಮದುವೆಯಾಗಿದ್ದಳು. 'ಇನ್ನು ಈ ಜನ್ಮದಲ್ಲಿ ನನ್ನ ಕೈನೀರು ನಿನಗಿಲ್ಲ' ಎಂದು ತಾಯಿ ಹಾದಿಬೀದಿಗೆ ಕೇಳುವ ಹಾಗೆ ಆಣೆ ಹಾಕಿದ್ದಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನಾನೇ ಅವಳನ್ನು ಕೈಹಿಡಿದು ಮಂಚದ ಹತ್ತಿರ ತಂದೆ. ಮಾತಾಡಿಸಿ ಎಂದೆ. "ಮಗಾ" ಎಂದಳು. ಅಷ್ಟೇ. ಮುಚ್ಚಿದ ರೆಪ್ಪೆಗಳ ಸಂದಿಯಿಂದ ಮಗಳ ಕಣ್ಣೀರು ಕಿವಿಯವರೆಗೆ ಇಳಿಯಿತು.

ನನಗೆ ಖುಷಿಯೋ ಖುಷಿ. ಎಚ್ಚರವಿದೆ, ಮಿದುಳು ಚೆನ್ನಾಗಿದೆ. ನೋಡಿ, ನೋಡಿ ಎಂದು ಎಲ್ಲರಿಗೂ ತೋರಿಸಿದೆ. ತಾಯಿಯೂ ನೋಡಿದಳು. ಅವಳು ನೋಡಿದ್ದೇ ಬೇರೆ ಎಂದು ನನಗೆ ಹೊಳೆಯಲಿಲ್ಲ. ಅಂದು ನನ್ನ ಗುಂಡ್ಲುಪೇಟೆಯ ದಿನ. ಗಂಡನನ್ನು ಬಲವಂತವಾಗಿ ಊಟ ಮಾಡಿ ಮಲಗಲು ಕಳಿಸಿ, ಚೀಲವನ್ನು ಚಿಕ್ಕಪ್ಪನ ಕೈಗೆ ಕೊಡಿಸಿ, ನರ್ಸಮ್ಮನಿಗೆ ಹೇಳಿ ಹೊರಟೆ.

ಮಧ್ಯಾಹ್ನ ಮೀರಿ ವಾಪಸು ಬಂದಾಗ ವಾರ್ಡು ಶಾಂತವಾಗಿತ್ತು. ನರ್ಸಮ್ಮ ಪಕ್ಕದ ಕೋಣೆಯಲ್ಲಿ ಒಂದು ಹೆರಿಗೆಯಲ್ಲಿದ್ದರು. ಚಿಕ್ಕಪ್ಪ ತಾಳ ತಪ್ಪದೆ ಒತ್ತುತ್ತಿದ್ದ. ತಾಯಿ ಮಗಳ ತಲೆಯ ಹತ್ತಿರ ಕೂತು ಸೆರಗಿನಿಂದ ಅವಳ ತುಟಿ ಒರೆಸುತ್ತಿದ್ದಳು. ಆ ಮುಖದಲ್ಲಿ ಬೆಳಿಗ್ಗೆ ಇರದ ಒಂದು ನೆಮ್ಮದಿ.

"ಡಾಕ್ಟ್ರೇ, ಯಾಕೋ ಬಲೂನು ಗಟ್ಟಿಯಾದಂಗದೆ," ಎಂದ ಚಿಕ್ಕಪ್ಪ.

ನಾನು ಒತ್ತಿ ನೋಡಿದೆ. ಗಾಳಿ ಒಳಗೆ ಹೋಗಲು ಹಟ ಮಾಡುತ್ತಿತ್ತು. ಕಫ ಕಟ್ಟಿರಬೇಕೆಂದು ಕೊಳವೆಯೊಳಗೆ ಸಣ್ಣ ನಳಿಕೆ ಇಳಿಸಿ ಹೀರಿದೆ. ಬೆಳ್ಳಗಿನದು ಬಂತು. ಇನ್ನೊಮ್ಮೆ ಹೀರಿದೆ. ಇನ್ನೂ ಬಂತು. ಮೂಸಿ ನೋಡಬೇಕಾದ ಅಗತ್ಯವೇ ಇರಲಿಲ್ಲ.

"ಏನು ಕೊಟ್ಟಿರಿ?" ಎಂದೆ.

"ಉಣ್ಣಕ್ಕೆ ಏನೂ ಕೊಟ್ಟಿಲ್ಲ ಕಣಪ್ಪ," ಎಂದಳು ತಾಯಿ. "ನೀನು ಬ್ಯಾಡ ಅಂದಿದ್ದೆ ಅಂತ ಇವ್ರೆಲ್ಲ ಏಳುದ್ರು. ಆಲ್ ಬುಟ್ಟೆ, ಅಷ್ಟೇಯ. ನನ್ ಕೈನೀರು ಇಲ್ಲ ಅಂದಿದ್ನಲ್ಲ, ಅದ್ಕೇಯ ಜೀವ ಓಗ್ದಂಗೆ ಒದ್ದಾಡ್ತಾ ಇತ್ತು ನನ್ ಕೂಸು. ನೀನೇ ತೋರಿಸ್ದಲ್ಲ, ಕಣ್ಣೀರು. ಒಂದ್ ಲೋಟ್ದಾಗೆ ತಂದು, ತುಟಿ ಬುಡಿಸಿ, ಸ್ವಲ್ಪ ಸ್ವಲ್ಪವಾಗಿ ಬುಟ್ಟೆ. ಎಲ್ಲಾ ಕುಡುದ್ಲು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಜೀವ ಹೋಗದೆ ನರಳುತ್ತಿದ್ದರೆ ಯಾವುದೋ ಆಸೆ ಉಳಿದಿದೆ ಎಂದರ್ಥ. ಒಬ್ಬರಿಗೆ ಹೊಲದ ಮಣ್ಣು ತೇದು ಬಿಡುತ್ತಾರೆ, ಒಬ್ಬರಿಗೆ ಚಿನ್ನ ಮುಟ್ಟಿಸಿದ ನೀರು, ಒಬ್ಬರಿಗೆ ಬೇಕಾದವರ ಕೈಯ ಹಾಲು. ಅದು ಊಟದ ಲೆಕ್ಕಕ್ಕೆ ಸೇರುವುದೇ ಇಲ್ಲ. ನಾನು ಬೇಡವೆಂದದ್ದು ಅನ್ನ, ಗಂಜಿ, ನೀರು. ಇದನ್ನು ನಾನಾಗಲಿ ಇನ್ನಾರಾಗಲಿ ಬೇಡವೆನ್ನಬಹುದು ಎಂಬುದು ಆ ಕೋಣೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಚಿಕ್ಕಪ್ಪ ಚೀಲ ಒತ್ತುತ್ತಲೇ ನೋಡಿದ್ದ, ಕಣ್ಣು ತುಂಬಿಕೊಂಡಿದ್ದ.

ಗಡಿಯಲ್ಲಾಗಿದ್ದರೆ ಅಲ್ಲೇ ಕಿರುಚುತ್ತಿದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಗಂಡ ನಿದ್ದೆ ಮುಗಿಸಿ ಬಂದು ಬಾಗಿಲಲ್ಲಿ ನಿಂತದ್ದು ಕಂಡಿತು. ಮೊದಲೇ ಅತ್ತೆಯನ್ನು ಕಂಡರೆ ಕೆಂಡ. ಈಗ ನಿಜ ಹೇಳಿದರೆ ಇಲ್ಲಿ ಹೊಡೆದಾಟ, ಹೊರಗೆ ಎರಡು ಊರಿನ ಜಗಳ, ಚೀಲ ಒತ್ತಲು ಒಂದು ಕೈಯೂ ಉಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಕೈಗಳು. ಬಾಯಿ ಮುಚ್ಚಿಕೊಂಡೆ. ತಾಯಿಯನ್ನು ಹೊರಗೆ ಕೂರಿಸಿ, ಇನ್ನು ಹಾಲೂ ಬೇಡ, ಏನೂ ಬೇಡ ಎಂದಷ್ಟೇ ಹೇಳಿದೆ. ನರ್ಸಮ್ಮನಿಗೂ ಸುಮ್ಮನಿರಲು ಹೇಳಿದೆ. ತಿರುತಿರುಗಿ ಹೀರಿದೆ, ಇದ್ದ ಔಷಧಗಳನ್ನೆಲ್ಲ ಕೊಟ್ಟೆ. ಸ್ವಲ್ಪವೇ ಇಳಿದಿರಲಿ ಎಂದು ಬೇಡಿಕೊಂಡೆ. ನಾನು ದೇವರನ್ನು ಬೇಡಿಕೊಳ್ಳುವವನಲ್ಲ.

ಮರುದಿನ ಅವಳ ಬೆರಳು ಅಲ್ಲಾಡಿತು. ಅದರ ಮಾರನೆಯ ದಿನ ರೆಪ್ಪೆ ಎತ್ತಿದಳು. ವಿಷ ತನ್ನ ಪಾಡಿಗೆ ತಾನು ಬಿಟ್ಟು ಹೋಗುತ್ತಿತ್ತು, ನಾನು ಹೇಳಿದಂತೆಯೇ. ಹೊಂಗೆಮರದ ಕೆಳಗೆ ಸುದ್ದಿ ಮುಟ್ಟಿದಾಗ ಅಲ್ಲಿದ್ದವರೆಲ್ಲ ತೆರಕಣಾಂಬಿಯ ತಾಯಿಯ ಕಡೆ ತಿರುಗಿದರಂತೆ. ಹಾಲು ಬಿಟ್ಟ ಮೇಲೆ ಕಣ್ಣು ಬಿಟ್ಟಳಲ್ಲ. ಗಂಡ ತಾನೇ ಹೋಗಿ ಅತ್ತೆಯನ್ನು ಒಳಗೆ ಕರೆತಂದು, "ಕೂತ್ಕೊ ಅತ್ತೆ" ಎಂದ. ಕೊಳವೆಯಿಂದಾಗಿ ಮಗಳಿಗೆ ಮಾತಾಡಲು ಆಗುತ್ತಿರಲಿಲ್ಲ. ತಾಯಿಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಆ ಹೊತ್ತಿಗೆ ಅವಳ ಮೈ ಕೆಂಡವಾಗಿತ್ತು. ಎದೆಯ ಎರಡೂ ಕಡೆ ನೀರು ಕುದಿಯುವಂಥ ಸದ್ದು. ಚೀಲ ಒತ್ತುವವರ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು, ಯಾರೂ ನಿಲ್ಲಿಸಲಿಲ್ಲ. ಆಮ್ಲಜನಕ ಎಷ್ಟು ಕೊಟ್ಟರೂ ತುಟಿ ನೀಲಿ ಬಿಡಲಿಲ್ಲ. ಮೈಸೂರಿನಲ್ಲಿ ಯಂತ್ರ ಖಾಲಿಯಾಯಿತೆಂದು ಫೋನ್ ಬಂದಾಗ ಸಾಗಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹಾವಿನಿಂದ ಗೆದ್ದು ಬಂದವಳು ಒಂದು ಲೋಟ ಹಾಲಿಗೆ ಸೋಲುವುದನ್ನು ನಿಂತು ನೋಡಿದೆ. ಗುಂಡು ತಿಂದವರ ಸಾವು ನೋಡಿದ್ದೇನೆ, ಇಷ್ಟು ಹೊಟ್ಟೆ ಉರಿದದ್ದಿಲ್ಲ. ಕಣ್ಣು ಬಿಟ್ಟ ಮೂರನೆಯ ದಿನದ ಬೆಳಿಗ್ಗೆ, ತಾಯಿಯ ಕೈ ಹಿಡಿದಿದ್ದಂತೆಯೇ ಹೋದಳು.

ಗಂಡ ಕೇಳಿದ. "ಕಣ್ ಬುಟ್ಟಿದ್ಲಲ್ಲ ಡಾಕ್ಟ್ರೇ, ನನ್ ನೋಡುದ್ಲಲ್ಲ. ಯಾಕ್ ಓಗ್ಬುಟ್ಲು?"

ತಾಯಿ ಅಲ್ಲೇ ಕೂತಿದ್ದಳು. ನಾನು ಇಬ್ಬರ ಮುಖವನ್ನೂ ನೋಡಿದೆ. "ವಿಷ ಎದೆಗೆ ಇಳಿದಿತ್ತು," ಎಂದೆ.

ಅದು ಸರಿಯೇ ತಪ್ಪೇ ಎಂದು ಆಮೇಲೆ ನನ್ನ ಕಿರಿಯ ವೈದ್ಯರು ವಾದ ಮಾಡಿದ್ದಾರೆ. ಪುಸ್ತಕದಲ್ಲಿ ಏನಿದೆ ಎಂಬುದು ನನಗೂ ಗೊತ್ತು. ಒಬ್ಬಳು ಹೋಗಿಯಾಗಿತ್ತು, ಇನ್ನೊಬ್ಬಳನ್ನು ಕೊಂದು ಯಾವ ಪುರುಷಾರ್ಥ? ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಒಂದು ವರ್ಷವಾಗಿರಬಹುದು. ಗುಂಡ್ಲುಪೇಟೆಯ ಚಿಕಿತ್ಸಾಲಯಕ್ಕೆ ತೆರಕಣಾಂಬಿಯಿಂದ ಒಬ್ಬರನ್ನು ಜೀಪಿನಲ್ಲಿ ತಂದರು. ಐವತ್ತರ ಆಸುಪಾಸಿನ ಗಂಡಸು, ಸಂತೆಯಲ್ಲಿ ತರಕಾರಿ ಮೂಟೆ ಇಳಿಸುವಾಗ ಕುಸಿದು ಬಿದ್ದಿದ್ದ. ಲಕ್ವ. ಒಂದು ಕಡೆ ಮೈ ಬಿದ್ದಿತ್ತು, ನುಂಗುವ ಶಕ್ತಿ ಹೋಗಿತ್ತು, ಎಚ್ಚರ ಮಸುಕಾಗಿತ್ತು. ಆದರೆ ಉಸಿರು ಚೆನ್ನಾಗಿತ್ತು, ಬದುಕುವ ಆಳು. ಜೊತೆಯಲ್ಲಿ ಬಂದವರ ನಡುವೆ ಆ ತಾಯಿ ಇದ್ದಳು. ಕೈಯಲ್ಲಿ ಮುಚ್ಚಳ ಹಾಕಿದ ಒಂದು ಸ್ಟೀಲ್ ಗಿಂಡಿ.

ನನ್ನನ್ನು ನೋಡಿ ಮುಖ ಅರಳಿತು. "ನೀನಾ ಕಣಪ್ಪ," ಎಂದಳು. "ಇವ್ನು ನಮ್ ಪಕ್ಕದ್ ಮನೆಯವ್ನು. ನಾನೇ ಬತ್ತೀನಿ ನಡೀರಿ ಅಂದೆ. ನಮ್ಮೂರ್ನಾಗೆ ಯಾರ್ಗೇ ಇಂಗಾದ್ರೂ ಈಗ ನನ್ನೇ ಕರೀತಾರೆ. ನನ್ ಕೈಲಿ ಆಲ್ ಬುಟ್ರೆ ಕಣ್ ಬುಡ್ತಾರೆ, ಇಲ್ದಿದ್ರೆ ನೆಮ್ದಿಯಾಗಿ ಓಯ್ತಾರೆ ಅಂತ."

ಎಷ್ಟು ಜನರಿಗೆ ಬಿಟ್ಟಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಆಕೆ ಗಿಂಡಿಯ ಮುಚ್ಚಳ ತೆಗೆದು ಮಂಚದ ಕಡೆ ಹೊರಟಳು. ನಾನು ಅಡ್ಡ ನಿಂತೆ. ಗಿಂಡಿಯನ್ನು ಕಸಿದುಕೊಂಡು ಏನಾದರೊಂದು ನೆಪ ಹೇಳಿದರೆ ಇವತ್ತಿಗೆ ಈ ಮನುಷ್ಯ ಉಳಿಯುತ್ತಾನೆ. ನಾಳೆ ನಾನಿಲ್ಲದ ಇನ್ನೊಂದು ಮನೆ, ಇನ್ನೊಂದು ಮಂಚ. ವರ್ಷದ ಹಿಂದೆ ನಾನು ಆಡಿದ ಒಂದು ವಾಕ್ಯ ಅವಳನ್ನು ಇಲ್ಲಿಯವರೆಗೆ ಕರೆತಂದಿತ್ತು.

ಆಕೆಯನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಬಂದು ಕೂರಿಸಿದೆ. ನಾನೂ ಕೂತೆ.

"ಇವರಿಗೆ ಬಿಡಬೇಡಿ," ಎಂದೆ. "ಯಾರಿಗೂ ಬಿಡಬೇಡಿ."

"ಯಾಕಪ್ಪ? ನನ್ ಮಗ್ಳು ಕಣ್ ಬುಡ್ನಿಲ್ವಾ?"

"ನುಂಗಲಾಗದವರ ಬಾಯಿಗೆ ಬಿಟ್ಟರೆ ಅದು ಹೊಟ್ಟೆಗೆ ಹೋಗುವುದಿಲ್ಲ ತಾಯಿ. ಉಸಿರಿನ ದಾರಿಯಲ್ಲಿ ಎದೆಗೆ ಇಳಿಯುತ್ತದೆ. ಅಲ್ಲಿ ಕೊಳೆಯುತ್ತದೆ."

ರಸ್ತೆಯಲ್ಲಿ ಒಂದು ಕೇರಳದ ಲಾರಿ ಹೋಯಿತು. ಆಕೆ ಗಿಂಡಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ದಡ್ಡಿಯಲ್ಲ ಆಕೆ. ನಾನು ಅಂದು ಆಡಿದ್ದ ಎದೆಗೆ ಇಳಿಯುವ ಮಾತನ್ನು ಅವಳು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

"ನನ್ ಮಗ್ಳೂ ಆವಾಗ ನುಂಗ್ತಿರ್ನಿಲ್ಲ," ಎಂದಳು.

"ಇಲ್ಲ."

ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಕೇಳಿದಳು, "ನೀನು ಏಳಿದ್ಯಂತಲ್ಲ, ಅವ್ಳಿಗೆ ಎಲ್ಲಾ ಕೇಳಿಸ್ತದೆ, ಎಲ್ಲಾ ಗೊತ್ತಾಯ್ತದೆ ಅಂತ."

"ಹೌದು."

"ಆಲ್ ಬುಡೋವಾಗ್ಲೂ ಗೊತ್ತಾಯ್ತಿತ್ತಾ?"

ಕೆಮ್ಮಲೂ ಆಗದೆ, ತಲೆ ಆಚೆ ತಿರುಗಿಸಲೂ ಆಗದೆ ಆ ಹೆಣ್ಣುಮಗಳು ಹೇಗಿದ್ದಿರಬೇಕು ಎಂಬುದನ್ನು ನಾನು ಆ ವರ್ಷವೆಲ್ಲ ಯೋಚಿಸಿದ್ದೆ. ಇನ್ನೊಂದು ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ಆದರೆ ಮೊದಲನೆಯದು ಏನು ಮಾಡಿತೆಂದು ನೋಡಿಯಾಗಿತ್ತು.

"ಗೊತ್ತಾಗುತ್ತಿತ್ತು," ಎಂದೆ. "ನಿಮ್ಮ ಕೈ ಅಂತಲೂ ಗೊತ್ತಿತ್ತು."

ಆಕೆ ತನ್ನ ಬಲಗೈಯನ್ನು ಎತ್ತಿ, ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಆಮೇಲೆ ಅದನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.